ತುಟಿ ಪಿಟಕ್ಕೆನ್ನದವಳು

ಮಾತಿನ ವಿಷಯದಲ್ಲಿ ಅವಳಷ್ಟು ಜಿಪುಣಿ ಇನ್ನೊಬ್ಬಳಿರಲಿಲ್ಲ. ಅದೂ ಯಾರ ಮುಂದೆ? ಒಡಹುಟ್ಟಿದ ಅಕ್ಕನ ಮುಂದೆ. ಕಿವಿ ಕೇಳದ, ಲೋಕದ ಸುದ್ದಿಯೆಲ್ಲ ತಂಗಿಯ ತುಟಿಯಿಂದಲೇ ಬರಬೇಕೆಂದು ಕಣ್ಣರಳಿಸಿಕೊಂಡು ಕಾಯುವ ಅಕ್ಕನ ಮುಂದೆ. ಹೊರಗಿನವರ ಹತ್ತಿರ ಮಾತು ಖರ್ಚಾಗದಂತೆ ಉಳಿಸಿಕೊಳ್ಳುವುದನ್ನು ಸಂಯಮ ಎನ್ನಬಹುದು. ಮನೆಯಲ್ಲಿ ಹಸಿದು ಕೂತವಳ ಮುಂದೆ ಉಳಿಸಿಕೊಳ್ಳುವುದಕ್ಕೆ ಆ ಹೆಸರು ಸಲ್ಲುವುದಿಲ್ಲ.

ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅವಳದು ಬಟ್ಟೆ ಕತ್ತರಿಸುವ ಕೆಲಸ. ಉದ್ದನೆಯ ಮೇಜಿನ ಮೇಲೆ ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ, ಸುಕ್ಕು ಸವರಿ, ಮೇಲಿನ ಪದರದ ಮೇಲೆ ಸೀಮೆಸುಣ್ಣದಲ್ಲಿ ತೋಳು, ಬೆನ್ನು, ಕಾಲರು ಎಂದು ಗೆರೆ ಎಳೆದು, ನೆಟ್ಟಗೆ ನಿಂತ ಅಲಗಿನ ಯಂತ್ರವನ್ನು ಆ ಗೆರೆಯ ಗುಂಟ ನೂಕಿಕೊಂಡು ಹೋಗಬೇಕು. ಎಡಗೈಗೆ ಉಕ್ಕಿನ ಎಳೆಗಳಲ್ಲಿ ಹೆಣೆದ ಕೈಗವಸು. ಅಲಗು ಕೂದಲಷ್ಟು ಜರುಗಿದರೂ ಹಾಳಾಗುವುದು ಒಂದು ಅಂಗಿಯಲ್ಲ, ಅಡಿಯಲ್ಲಿರುವ ಅಷ್ಟೂ ಅಂಗಿ. ಇಂಥ ಕೆಲಸಕ್ಕೆ ತುಟಿ ಪಿಟಕ್ಕೆನ್ನದ ಹೆಂಗಸೇ ಸರಿ ಎಂದು ಮೇಸ್ತ್ರಿ ಅವಳನ್ನು ಆ ಮೇಜಿಗೆ ಹಾಕಿದ್ದ. ಜೊತೆ ಕೆಲಸದವರು ಅವಳನ್ನು 'ಕತ್ತರಿ' ಎನ್ನುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಮುಖದ ಮುಂದೆಯೇ. ಅವಳು ಬೇಡವೆನ್ನಲಿಲ್ಲ. ಬೇಡವೆನ್ನುವುದಕ್ಕೂ ಒಂದು ಮಾತು ಖರ್ಚಾಗುತ್ತದೆ.

ಅಕ್ಕನಿಗೆ ಕಿವಿ ಹೋದದ್ದು ಶಾಲೆಗೆ ಹೋಗುವ ವಯಸ್ಸಿನಲ್ಲಿ, ಒಂದು ಕೆಟ್ಟ ಜ್ವರದಲ್ಲಿ. ಮಾತು ಬಂದಮೇಲೆ ಕಿವಿ ಹೋದದ್ದರಿಂದ ಮಾತು ಉಳಿಯಿತು. ಏರಿಳಿತವಿಲ್ಲದ ದೊಡ್ಡ ದನಿಯಲ್ಲಿ, ದೂರದಲ್ಲಿರುವವರನ್ನು ಕರೆಯುವ ಹಾಗೆ, ಪಕ್ಕದಲ್ಲಿ ಕೂತವರೊಂದಿಗೆ ಮಾತಾಡುತ್ತಿದ್ದಳು. ಆಗ ತಂಗಿ ಇನ್ನೂ ಲಂಗ ಎತ್ತಿ ಹಿಡಿದು ಓಡುವ ಕೂಸು. ಅಮ್ಮ ಅವಳ ಕೈಹಿಡಿದು ಅಕ್ಕನ ಎದುರು ಕೂರಿಸಿ, "ಇನ್ಮೇಲೆ ನೀನೇ ಇವಳ ಕಿವಿ," ಎಂದುಬಿಟ್ಟಳು. ಕಿವಿಯಾಗು ಎಂದರೂ ಆಗಬೇಕಾದದ್ದು ಬಾಯಿ. ಯಾರು ಏನೆಂದರೂ ಅದನ್ನು ಅಕ್ಕನ ಎದುರು ನಿಂತು ಇನ್ನೊಂದು ಸಲ ಆಡಬೇಕು. ಆಟದ ನಡುವೆ, ಊಟದ ನಡುವೆ, ನೆಂಟರ ನಡುವೆ ಒಂದೇ ಪ್ರಶ್ನೆ: "ಏನಂತೆ?" ಬೇಸತ್ತ ಕೂಸು ಬೇಗನೆ ಒಂದು ಉತ್ತರ ಕಂಡುಕೊಂಡಿತು: "ಏನಿಲ್ಲ." ಆ ಉತ್ತರಕ್ಕೆ ಆಮೇಲೆ ವಯಸ್ಸಾಯಿತು, ತಲೆ ನರೆಯಿತು, ಬದಲಾಗಲಿಲ್ಲ.

ಇಬ್ಬರಿಗೂ ಮದುವೆಯಾಗಲಿಲ್ಲ. ಅಕ್ಕನನ್ನು ಯಾರೂ ಕೇಳಿಕೊಂಡು ಬರಲಿಲ್ಲ; ತಂಗಿಯನ್ನು ಕೇಳಲು ಬಂದವರು ಅಕ್ಕನನ್ನು ನೋಡಿ ಹಿಂತಿರುಗಿದರು. ಬೀಗ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಅವರ ಸಂಸಾರ. ಅಕ್ಕ ಕಿಟಕಿಯ ಹತ್ತಿರ ಕೂತು ಕಾರ್ಖಾನೆಯಿಂದ ಬಂದ ಅಂಗಿಗಳಿಗೆ ಗುಂಡಿ ತೂರಿಸುವ ಕಣ್ಣು ಹೊಲಿಯುತ್ತಿದ್ದಳು. ಸಂಜೆ ತಂಗಿ ಬಂದು ಚಪ್ಪಲಿ ಬಿಡುವುದರೊಳಗೆ ಸೂಜಿಯನ್ನು ಎದೆಯ ಬಟ್ಟೆಗೆ ಚುಚ್ಚಿಕೊಂಡು ಎದುರು ಬಂದು ನಿಲ್ಲುತ್ತಿದ್ದಳು.

"ಕೆಳಗೆ ಅಷ್ಟೊಂದು ಜನ ಸೇರಿದ್ರಲ್ಲ, ಏನಂತೆ?"

"ಏನಿಲ್ಲ."

"ಏನಿಲ್ಲದ್ದಕ್ಕೆ ಅಷ್ಟು ಜನ ಸೇರ್ತಾರೇನೆ?"

"ಬೆಕ್ಕು."

ಬೀಗದ ಅಂಗಡಿಯವನು ಅಳಿಯನ ಬಟ್ಟೆಬರೆಯನ್ನೆಲ್ಲ ಬೀದಿಗೆ ಎಸೆದಿದ್ದ, ಅಳಿಯ ಅಂಗಡಿಯ ಸೂರಿನಡಿ ಬರಿ ಒಳಚಡ್ಡಿಯಲ್ಲಿ ನಿಂತು ಮಾವನಿಗೆ ಕಾನೂನು ಹೇಳುತ್ತಿದ್ದ ಎಂಬುದು ಅಕ್ಕನಿಗೆ ಎಂದೂ ತಿಳಿಯಲಿಲ್ಲ. ಅವಳು ಬೆಕ್ಕಿನ ಬಗ್ಗೆ ಮರುಕಪಟ್ಟಳು.

ತುಟಿ ನೋಡಿ ಮಾತು ತಿಳಿಯುವುದು ಹೊರಗಿನವರು ತಿಳಿದಷ್ಟು ಸಲೀಸಲ್ಲ. ಅರ್ಧ ಮಾತು ಗಂಟಲಲ್ಲೇ ಹುಟ್ಟಿ ಗಂಟಲಲ್ಲೇ ಮುಗಿಯುತ್ತದೆ; ಹೊರಗೆ ಏನೂ ಕಾಣದು. ತುಟಿಗೆ ತುಟಿ ಸೇರಿಸಿ ಆಡುವ ಅಕ್ಷರಗಳು ಚೆನ್ನಾಗಿ ಕಾಣುತ್ತವೆ, ಆದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ಮಾಡು, ಬಾಡು, ಪಾಡು — ಕಣ್ಣಿಗೆ ಮೂರೂ ಒಂದೇ. ಉಳಿದ ಮಾತಿನಿಂದ, ಹುಬ್ಬಿನಿಂದ, ಕೆನ್ನೆಯಿಂದ ಇದು ಯಾವುದೆಂದು ಊಹಿಸಬೇಕು. ಊರಿನವರ ಬಾಯಿಗಳು ಅಕ್ಕನಿಗೆ ಒಗ್ಗುತ್ತಿರಲಿಲ್ಲ. ಒಬ್ಬನಿಗೆ ಮೀಸೆ, ಒಬ್ಬಳು ಮುಖ ತಿರುಗಿಸಿ ಮಾತಾಡುವವಳು, ಇನ್ನೊಬ್ಬರಿಗೆ ಹಲ್ಲಿಲ್ಲ. ಅಕ್ಕ ಒಂದೇ ಒಂದು ಬಾಯನ್ನು ಕರತಲಾಮಲಕ ಮಾಡಿಕೊಂಡಿದ್ದಳು, ಆ ಬಾಯಿ ಲೋಕದಲ್ಲೇ ಅತ್ಯಂತ ಕಡಿಮೆ ತೆರೆಯುವ ಬಾಯಿಯಾಗಿತ್ತು.

ಇನ್ನು ಮಾತ್ರೆಯ ವಿಷಯ. ಕತ್ತರಿಗೆ ಊಟವಾದ ಮೇಲೆ ಹೊಟ್ಟೆ ಕಲ್ಲಿನಂತಾಗಿ ವಾಕರಿಕೆ ಬರುತ್ತಿತ್ತು. ಒಬ್ಬ ಡಾಕ್ಟರು ಒಂದು ಸಣ್ಣ ಬಿಳಿ ಮಾತ್ರೆ ಬರೆದುಕೊಟ್ಟು, ಮುಗಿದ ಮೇಲೆ ಬಂದು ತೋರಿಸು ಎಂದಿದ್ದರು. ಮಾತ್ರೆಗೆ ಹೊಟ್ಟೆ ಹಗುರವಾಯಿತು. ಹೋಗಿ ತೋರಿಸಿದರೆ ಮಾತಾಡಬೇಕು: ಯಾವಾಗ, ಎಲ್ಲಿ, ಹೇಗೆ, ಎಷ್ಟು ಹೊತ್ತು. ಔಷಧದ ಅಂಗಡಿಯಲ್ಲಾದರೆ ಖಾಲಿ ಪಟ್ಟಿಯನ್ನು ಗಾಜಿನ ಮೇಲೆ ಇಟ್ಟರೆ ಸಾಕು, ಹೊಸ ಪಟ್ಟಿ ಬರುತ್ತದೆ. ಒಮ್ಮೆ ಮಾತ್ರ ಅಂಗಡಿಯವನು ತಾನಾಗಿಯೇ, "ಏನೂ ಆಗಲ್ಲ ಬಿಡಿ, ಇದು ನೀರಿದ್ದ ಹಾಗೆ. ನಮ್ಮತ್ತೆಯೂ ತಗೋತಾರೆ," ಎಂದ. ಅವನ ಅತ್ತೆಯ ಗತಿ ಏನಾಯಿತೋ ಗೊತ್ತಿಲ್ಲ. ಕತ್ತರಿ ವರ್ಷಗಟ್ಟಲೆ ಆ ನೀರನ್ನು ನುಂಗಿದಳು.

ತುಟಿ ಅಲುಗಲು ಶುರುವಾದದ್ದನ್ನು ಮೊದಲು ಕಂಡವಳು ಅಕ್ಕನೇ. ಆ ಬಾಯನ್ನು ದಿಟ್ಟಿಸಿ ನೋಡುವವರು ಇನ್ನಾರಿದ್ದರು? ಕಂಡು ಅವಳಿಗೆ ಸಂತೋಷವಾಯಿತು. ತಂಗಿ ತರಕಾರಿ ಹೆಚ್ಚುತ್ತಾ ಬಾಯಾಡಿಸುತ್ತಿದ್ದಾಳೆ! ಇಷ್ಟು ವರ್ಷಕ್ಕೆ ಮಾತಾಡಬೇಕು ಅನ್ನಿಸಿದೆ! ಕಿಟಕಿಯ ಹತ್ತಿರದಿಂದ ನೋಡಿದರೆ ತುಟಿ ಸೇರಿ, ತೆರೆದು, ಸೇರಿ, ತೆರೆಯಿತು. ಬಾ, ಬಾ. ಅಕ್ಕ ಅಂಗಿಯನ್ನು ಕೆಳಗಿಟ್ಟು ಎದ್ದು ಬಂದಳು.

"ಏನೇ?"

"ಏನು ಏನೇ?"

"ಬಾ ಅಂದೆಯಲ್ಲ."

"ನಾನೆಲ್ಲಿ ಅಂದೆ?"

ಅಕ್ಕ ಹೋಗಿ ಕೂತಳು. ಸ್ವಲ್ಪ ಹೊತ್ತಿಗೆ ಮತ್ತೆ ಬಾ, ಬಾ. ಮತ್ತೆ ಎದ್ದು ಬಂದಳು. "ನಿನಗೇನು ತಲೆ ಕೆಟ್ಟಿದೆಯಾ?" ಎಂದಳು ತಂಗಿ. ಆ ಮಾತು ಮಾತ್ರ ಅಕ್ಕನಿಗೆ ಸ್ಪಷ್ಟವಾಗಿ ತಿಳಿಯಿತು.

ದಿನ ಕಳೆದಂತೆ ಬಾ ಎನ್ನುವುದು ಪಾಪ ಆಯಿತು, ಮಾಮ ಆಯಿತು, ಯಾವ ಭಾಷೆಯಲ್ಲೂ ಇಲ್ಲದ ಏನೇನೋ ಆಯಿತು. ಅಕ್ಕ ಅದಕ್ಕೆಲ್ಲ ಅರ್ಥ ಕಟ್ಟಿದಳು. ಅರ್ಥ ಕಟ್ಟುವುದೇ ಅವಳ ಬದುಕಾಗಿತ್ತಲ್ಲ. ಒಂದು ಸಂಜೆ ತಟ್ಟೆಯನ್ನು ನೂಕಿ ಎದ್ದು ನಿಂತಳು.

"ನನ್ನ ಎದುರಿಗೇ ಕೂತು ಗೊಣಗ್ತೀಯಲ್ಲ, ಕಿವುಡಿಗೆ ಕೇಳಿಸಲ್ಲ ಅಂತಲಾ? ಪಾಪ ಪಾಪ ಅಂತೀಯ. ಯಾರೇ ಪಾಪ? ನಾನು ಪಾಪಾನಾ, ನನ್ನ ಕಟ್ಟಿಕೊಂಡ ನೀನು ಪಾಪಾನಾ?"

"ನಾನೇನೂ ಅನ್ನಲಿಲ್ಲ."

"ಈಗಲೂ ಅಂತಿದ್ದೀಯ! ಅನ್ನಲಿಲ್ಲ ಅಂತ ಹೇಳಿ ಆದ ಮೇಲೂ ಅಂತಾನೇ ಇದ್ದೀಯ!"

ಕತ್ತರಿಗೆ ಇದೊಂದೂ ತಿಳಿಯಲಿಲ್ಲ. ತನ್ನ ತುಟಿ ಆಡುತ್ತಿರುವುದು ಅವಳ ಅರಿವಿಗೇ ಬಂದಿರಲಿಲ್ಲ. ಅರಿವಿಗೆ ತಂದವಳು ಕಾರ್ಖಾನೆಯ ರೇಡಿಯೋ. ಗುಂಡಿ ಹಚ್ಚುವ ಸಾಲಿನಲ್ಲಿ ಕೂರುವ ದಪ್ಪ ಹೆಂಗಸು. ಬೆಳಗ್ಗೆ ಬಾಗಿಲು ತೆರೆದಾಗ ಶುರುವಾದರೆ ಸಂಜೆ ದೀಪ ಆರಿಸುವವರೆಗೆ ನಿಲ್ಲದಿದ್ದುದರಿಂದ ಆ ಹೆಸರು. ಕತ್ತರಿ ಅವಳನ್ನು ಕಂಡರೆ ಮೇಜಿನ ಆಚೆ ಬದಿಗೆ ಹೋಗಿ ನಿಲ್ಲುವವಳು.

"ಏನೇ ಕತ್ತರಿ, ಒಬ್ಬಳೇ ಏನು ಮೆಲ್ತಿದ್ದೀಯ? ನಮಗೂ ಒಂಚೂರು ಕೊಡು," ಎಂದಳು ರೇಡಿಯೋ.

ಸಾಲಿನವರೆಲ್ಲ ನಕ್ಕರು. ಕತ್ತರಿ ಕೈತೊಳೆಯುವ ಕಡೆ ಹೋಗಿ ಕನ್ನಡಿ ನೋಡಿಕೊಂಡಳು. ಮುಖ ಅವಳದೇ. ಬಾಯಿ ಬೇರೆ ಯಾರದೋ. ತುಟಿಗಳು ಮುಂದಕ್ಕೆ ಚಾಚಿ, ಒಳಕ್ಕೆ ಸರಿದು, ಒಂದರ ಮೇಲೊಂದು ಉಜ್ಜಿ, ನೀರಿನಿಂದ ಎತ್ತಿದ ಮೀನಿನ ಬಾಯಿಯ ಹಾಗೆ ಆಡುತ್ತಿದ್ದವು. ನಡುವೆ ನಾಲಿಗೆಯ ತುದಿ ಇಣುಕಿ ಒಳಗೆ ಹೋಯಿತು. ಅವಳು ಹಲ್ಲು ಕಚ್ಚಿ ಹಿಡಿದಳು. ಹಿಡಿದಷ್ಟು ಹೊತ್ತು ನಿಂತಿತು. ಬಿಟ್ಟ ಕೂಡಲೇ, ತಡೆದ ಬಾಕಿಯನ್ನೂ ತೀರಿಸುವಂತೆ ಇನ್ನೂ ಜೋರಾಯಿತು.

ಅಕ್ಕನನ್ನು ಕರೆದುಕೊಂಡೇ ದೊಡ್ಡ ಆಸ್ಪತ್ರೆಗೆ ಹೋದಳು. ಜಗಳವಾಡಿಕೊಂಡಿದ್ದರೂ ಅಕ್ಕ ತಂಗಿಯೊಬ್ಬಳನ್ನೇ ಹೋಗಲು ಬಿಡುವವಳಲ್ಲ. ಅಲ್ಲಿನ ಡಾಕ್ಟರಮ್ಮ ಮುಖಕ್ಕೆ ಬಟ್ಟೆ ಕಟ್ಟಿದ್ದರಿಂದ ಅಕ್ಕನಿಗೆ ಏನೂ ಕಾಣಲಿಲ್ಲ; ಗೋಡೆಯ ಚಿತ್ರ ನೋಡುತ್ತಾ ಕೂತಳು.

ಡಾಕ್ಟರಮ್ಮ ಮಾತ್ರೆಯ ಪಟ್ಟಿಯನ್ನು ತಿರುಗಿಸಿ ನೋಡಿದರು. "ಇದನ್ನು ಇಷ್ಟು ವರ್ಷ ತಗೋ ಅಂತ ಯಾರು ಹೇಳಿದ್ದು?"

"ಯಾರೂ ಹೇಳಲಿಲ್ಲ."

"ಮತ್ತೆ?"

"ಯಾರೂ ಬೇಡ ಅನ್ನಲೂ ಇಲ್ಲ."

"ನೀವು ಕೇಳಬೇಕಿತ್ತಲ್ಲಮ್ಮ."

ಕತ್ತರಿ ಉತ್ತರ ಕೊಡಲಿಲ್ಲ. ಅವಳ ತುಟಿಗಳು ಏನೋ ಕೊಡುತ್ತಿದ್ದವು, ಅದು ಉತ್ತರವಲ್ಲ. ಡಾಕ್ಟರಮ್ಮ ಬಿಡಿಸಿ ಹೇಳಿದರು. ಹೊಟ್ಟೆಗೆಂದು ನುಂಗಿದ ಈ ಮಾತ್ರೆ ತಲೆಯೊಳಗೂ ಕೈಹಾಕುತ್ತದೆ. ಕೆಲವು ದಿನಕ್ಕಾದರೆ ತೊಂದರೆ ಇಲ್ಲ. ವರ್ಷಗಟ್ಟಲೆ ಹೋದರೆ ಕೆಲವರಿಗೆ ಬಾಯಿ, ನಾಲಿಗೆ, ದವಡೆಯ ಹಿಡಿತ ತಪ್ಪುತ್ತದೆ. ಇಂದೇ ನಿಲ್ಲಿಸಬೇಕು. ನಿಲ್ಲಿಸಿದ ಮೇಲೆ ಸ್ವಲ್ಪ ದಿನ ಇನ್ನೂ ಹೆಚ್ಚಾಗಬಹುದು, ಹೆದರಬೇಡಿ.

"ಆಮೇಲೆ ಹೋಗುತ್ತಾ?"

ಡಾಕ್ಟರಮ್ಮ ಮರ್ಜಿ ಹಿಡಿಯುವವರಲ್ಲ. "ಕೆಲವರಿಗೆ ಹೋಗುತ್ತೆ. ನಿಮ್ಮಷ್ಟು ಕಾಲ ತಗೊಂಡವರಿಗೆ ಹೋಗುತ್ತೆ ಅಂತ ನಾನು ಮಾತು ಕೊಡಲ್ಲ."

ಹೊರಗೆ ಬರುತ್ತಿದ್ದ ಹಾಗೆ ಅಕ್ಕ ತೋಳು ಹಿಡಿದು ನಿಲ್ಲಿಸಿದಳು. "ಏನಂತೆ?"

ಕತ್ತರಿ ತುಟಿಯನ್ನು ಬಲವಾಗಿ ಕಚ್ಚಿ, ಬಿಟ್ಟು, ಸಿಕ್ಕ ಆ ಒಂದು ಗಳಿಗೆಯಲ್ಲಿ ಹೇಳಿದಳು: "ಏನಿಲ್ಲ. ಹೋಗುತ್ತೆ."

ಹೋಗಲಿಲ್ಲ. ಮಾತ್ರೆ ನಿಲ್ಲಿಸಿದ ಮೇಲೆ ದವಡೆಯೂ ಸೇರಿಕೊಂಡಿತು. ಹೊಟ್ಟೆಯ ಕಲ್ಲು ಮತ್ತೆ ಬಂದು ಕೂತಿತು. ಬಾಯಿಗೆಂದು ಕೊಟ್ಟ ಇನ್ನೊಂದು ಮಾತ್ರೆ ತುಟಿಯನ್ನು ತುಸು ನಿಧಾನ ಮಾಡಿ ಉಳಿದ ಮೈಯನ್ನೆಲ್ಲ ಮಲಗಿಸಿತು. ಕತ್ತರಿಸುವ ಮೇಜಿನ ಮುಂದೆ ನಿಂತಲ್ಲೇ ಅವಳ ಕಣ್ಣು ಎಳೆದುಕೊಂಡು ಹೋಗಿ, ಅಲಗು ಗೆರೆ ದಾಟಿ ಉಕ್ಕಿನ ಕೈಗವಸಿಗೆ ತಾಗಿ ಕಿರ್ರೆಂದಿತು. ಮೇಸ್ತ್ರಿ ಓಡಿಬಂದು ಯಂತ್ರ ಆರಿಸಿದ.

"ನೋಡಮ್ಮ, ನಿನ್ನ ಬಾಯಿ ಏನಾದ್ರೂ ಮಾಡಿಕೊಳ್ಳಲಿ, ನನಗೆ ಕೈ ಬೇಕು. ಆ ಮಾತ್ರೆ ಬೇಕೋ ಈ ಮೇಜು ಬೇಕೋ ನೀನೇ ನೋಡಿಕೊ."

ಮನೆ ನಡೆಯುತ್ತಿದ್ದುದು ಆ ಮೇಜಿನಿಂದ. ಡಾಕ್ಟರಮ್ಮನ ಹತ್ತಿರ ಹೋಗಿ ಆ ಮಾತ್ರೆಯನ್ನೂ ನಿಲ್ಲಿಸಿಕೊಂಡಳು. ಅಲ್ಲಿಗೆ ಔಷಧದ ಕಥೆ ಮುಗಿಯಿತು.

ಬಾಯಿ ಕೆಟ್ಟರೂ ದನಿ ಕೆಟ್ಟಿರಲಿಲ್ಲ. ಸ್ವಲ್ಪ ಲೊಚಲೊಚ ಸದ್ದು ಬೆರೆತರೂ ಕಿವಿ ಇದ್ದವರಿಗೆ ಕತ್ತರಿಯ ಮಾತು ತಿಳಿಯುತ್ತಿತ್ತು. ತಿಳಿಯದೆ ಹೋದದ್ದು ಕಣ್ಣಿನಿಂದ ಕೇಳುವ ಒಬ್ಬಳಿಗೆ. ಆಡಿದ ಮಾತಿನ ಹಿಂದೆ, ಮುಂದೆ, ನಡುವೆ ಆಡದ ಮಾತುಗಳು ನುಗ್ಗಿಕೊಂಡು ಬರುತ್ತಿದ್ದವು. ಯಾವುದು ಕಾಳು, ಯಾವುದು ಹೊಟ್ಟು ಎಂದು ಅಕ್ಕನಿಗೆ ಆರಿಸಲಾಗಲಿಲ್ಲ. ಕತ್ತರಿ ಕನ್ನಡಿಯ ಮುಂದೆ ಅಭ್ಯಾಸ ಮಾಡಿದಳು. ಕೆಳತುಟಿಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಆಟ ನಿಲ್ಲುತ್ತಿತ್ತು, ಆದರೆ ಪ, ಬ, ಮ ಹೊರಡುತ್ತಿರಲಿಲ್ಲ. ಬೆರಳು ತೆಗೆದರೆ ಪ, ಬ, ಮ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಕೊನೆಗೆ ಒಂದು ಸ್ಲೇಟು ತಂದಳು. ಅಕ್ಕನ ಮುಂದೆ ಹಿಡಿದು, "ಇನ್ಮೇಲೆ ಬರೀತೀನಿ," ಎಂದಳು. ಅಕ್ಕನ ಮುಖ ಬಿಳಿಚಿಕೊಂಡಿತು.

"ಮರೀತೀಯಾ? ನನ್ನನ್ನಾ?"

ಕತ್ತರಿ ಅಲ್ಲವೆಂದು ತಲೆಯಾಡಿಸಿದಳು, ಬಳಪವನ್ನು ಗಾಳಿಯಲ್ಲಿ ಎಳೆದು ತೋರಿಸಿದಳು. ತುಟಿಗಳು ತಮ್ಮಷ್ಟಕ್ಕೆ ತಾವು ಪಾಪ ಎಂದವು. ಅರ್ಥವಾದ ಮೇಲೆ ಅಕ್ಕ ನಕ್ಕಳು, ಆದರೆ ಆ ಮೊದಲ ಗಳಿಗೆ ಇಬ್ಬರ ಮನಸ್ಸಿನಲ್ಲೂ ಉಳಿಯಿತು.

ಸ್ಲೇಟಿನಿಂದ ಆಗುವಂಥದ್ದೇನೂ ಇರಲಿಲ್ಲ. ಅಕ್ಕನ ಓದು ಜ್ವರ ಬಂದ ವರ್ಷಕ್ಕೆ ನಿಂತುಹೋಗಿತ್ತು. ಹತ್ತಿರದ ಅಕ್ಷರ ಕಣ್ಣಿಗೆ ಮಸುಕು, ಗುಂಡಿಯ ಕಣ್ಣನ್ನು ಬೆರಳ ತುದಿಯಿಂದಲೇ ಹೊಲಿಯುತ್ತಿದ್ದವಳು. ಸ್ಲೇಟನ್ನು ತೋಳಿನಷ್ಟು ದೂರ ಹಿಡಿದು ಒಂದೊಂದೇ ಅಕ್ಷರವನ್ನು ಜೋರಾಗಿ ಓದಿ, ಸಾಲಿನ ತುದಿಗೆ ಬರುವುದರೊಳಗೆ ಮೊದಲು ಏನಿತ್ತೆಂಬುದನ್ನು ಮರೆಯುತ್ತಿದ್ದಳು. ಬರೆಯುವವಳಾದರೂ ಎಂಥವಳು? ಬಾಯಲ್ಲಿ ಎರಡು ಮಾತು ಆಡುವಲ್ಲಿ ಬಳಪದಲ್ಲಿ ಒಂದು. ಊಟ. ಹಾಲು. ಕೊಡೆ. ಅಕ್ಕ ಸ್ಲೇಟನ್ನು ಗೋಡೆಗೆ ಒರಗಿಸಿ ಇಟ್ಟಳು. "ಇದಕ್ಕೆ ಮುಖ ಇಲ್ಲ ಕಣೆ," ಎಂದಳು.

ಆಮೇಲೆ ಅಕ್ಕ ಕೇಳುವುದನ್ನೇ ಬಿಟ್ಟಳು.

ಯಾವ ದಿನ ಬಿಟ್ಟಳೆಂದು ಕತ್ತರಿಗೆ ಗೊತ್ತಾಗಲಿಲ್ಲ. ಒಂದು ಸಂಜೆ ಚಪ್ಪಲಿ ಬಿಟ್ಟು ಬಾಗಿಲಲ್ಲಿ ನಿಂತೇ ಇದ್ದಳು, ಯಾಕೆ ನಿಂತಿದ್ದೇನೆ ಎಂದು ತನಗೇ ತಿಳಿಯದೆ. ಆ ಪ್ರಶ್ನೆ ಬರಲಿಲ್ಲ. ಕೆಳಗೆ ಬೀಗದ ಅಂಗಡಿಯ ಮುಂದೆ ಎರಡು ಗಾಡಿ ಗುದ್ದಿಕೊಂಡು ಬೀದಿಯೆಲ್ಲ ಬೈಗುಳವಾಗಿತ್ತು. ಅಕ್ಕ ಕಿಟಕಿಯಿಂದ ಅದನ್ನೆಲ್ಲ ನೋಡಿದ್ದಳು, ನೋಡಿ ಮತ್ತೆ ಸೂಜಿಗೆ ಬಗ್ಗಿದ್ದಳು. ಊಟಕ್ಕೆ ಕೂತಾಗ ತಟ್ಟೆಯನ್ನೇ ನೋಡುತ್ತಿದ್ದಳು. ಮೊದಲೆಲ್ಲ ತಂಗಿಯ ಮುಖದಿಂದ ಕಣ್ಣು ಕೀಳದವಳು, ಈಗ ಆ ಮುಖದ ಕಡೆ ಕಣ್ಣು ಹೋದರೆ ಬೆಳಕು ಚುಚ್ಚಿದಂತೆ ಬೇರೆ ಕಡೆ ಹೊರಳಿಸುತ್ತಿದ್ದಳು. ಕಿವುಡಿಯಾದವಳು ಕಣ್ಣು ತಿರುಗಿಸಿದರೆ ಬಾಗಿಲು ಹಾಕಿದಂತೆ. ಹೊರಗಿನಿಂದ ತಟ್ಟಿ ಫಲವಿಲ್ಲ.

ಆ ಬಾಗಿಲ ಹಿಂದೆ ಅಕ್ಕ ಬೇಗಬೇಗನೆ ಮುದುಡಿದಳು. ಹಗಲು ಹೊತ್ತೇ ಮಲಗತೊಡಗಿದಳು. ತಲೆ ಬಾಚಿಕೊಳ್ಳುವುದು ತಪ್ಪಿತು. ಹೊಲಿದ ಗುಂಡಿಯ ಕಣ್ಣುಗಳು ಒಂದರ ಸಾಲಿಗೆ ಒಂದು ಬಾರದೆ ಮೇಸ್ತ್ರಿ ಗಂಟನ್ನು ಹಿಂದಕ್ಕೆ ಕಳಿಸಿದ. "ನಿಮ್ಮಕ್ಕ ಕಣ್ಣು ಮುಚ್ಚಿಕೊಂಡು ಹೊಲೀತಾರಾ?" ಎಂದ. ಕತ್ತರಿ ಗಂಟು ಬಿಚ್ಚಿ, ಹೊಲಿಗೆ ಬಿಡಿಸಿ, ಅಕ್ಕನ ಮಡಿಲಲ್ಲಿ ಇಟ್ಟಳು. ಅಕ್ಕ ಕಾರಣ ಕೇಳಲಿಲ್ಲ. ಒಂದು ದಿನ ಒಲೆಯ ಮೇಲೆ ಹಾಲು ಉಕ್ಕಿ, ಬತ್ತಿ, ಪಾತ್ರೆ ಸುಟ್ಟು ಕರಕಲಾಗಿ ಮನೆಯೆಲ್ಲ ಹೊಗೆಯಾಗಿದ್ದರೂ ಅಕ್ಕ ಅಲ್ಲೇ ಕೂತಿದ್ದಳು. ಕತ್ತರಿ ಭುಜ ಹಿಡಿದು ಅಲುಗಿಸಿ ಒಲೆ ತೋರಿಸಿದಳು.

"ನೋಡಿದೆ," ಎಂದಳು ಅಕ್ಕ ಅದೇ ದೊಡ್ಡ ದನಿಯಲ್ಲಿ. "ನೋಡಿದರೆ ಏನಾಯ್ತು?"

ಮಾರನೆಯ ದಿನ ಊಟದ ಬಿಡುವಿನಲ್ಲಿ ಕತ್ತರಿ ಮೇಜಿನ ಈಚೆ ಬದಿಗೆ ಬಂದು, ಗುಂಡಿ ಹಚ್ಚುವ ಸಾಲಿನ ಮುಂದೆ ನಿಂತಳು. ರೇಡಿಯೋ ಬುತ್ತಿ ಮುಚ್ಚಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಏನಮ್ಮ, ದಾರಿ ತಪ್ಪಿ ಬಂದೆಯಾ?"

"ರಜಾದಿನ ನಮ್ಮ ಮನೆಗೆ ಬರ್ತೀಯಾ?"

"ನಾನಾ? ನನ್ನ ನೆರಳು ಕಂಡರೆ ಮೇಜಿನ ಆಚೆ ಹೋಗ್ತಿದ್ದೆಯಲ್ಲೇ! ಯಾಕಂತೆ?"

"ಬಾಯಿ ಬೇಕಿತ್ತು."

"ಬರೀ ಬಾಯಿ ಸಾಕಾ, ಹಿಂದಿರೋ ನಾನೂ ಬರಬೇಕಾ?"

ಸಾಲಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕತ್ತರಿ ನಗು ಮುಗಿಯುವವರೆಗೆ ನಿಂತಿದ್ದಳು. ಆಮೇಲೆ ಹೇಳಿದಳು. ಅಕ್ಕ ಕಿವುಡಿ, ಕಣ್ಣಿನಿಂದ ಕೇಳುತ್ತಾಳೆ, ನನ್ನ ಬಾಯಿ ಇನ್ನು ಆಗದು, ನಿನ್ನ ಬಾಯಿ ದೊಡ್ಡದು, ಬಿಡಿಸಿ ಬಿಡಿಸಿ ಆಡುತ್ತೀಯ, ಅವಳು ಸಾಯುತ್ತಿದ್ದಾಳೆ. ಅವಳು ಅಷ್ಟು ಉದ್ದ ಮಾತಾಡಿದ್ದನ್ನು ಆ ಕಾರ್ಖಾನೆಯಲ್ಲಿ ಯಾರೂ ಕೇಳಿರಲಿಲ್ಲ. ರೇಡಿಯೋ ಮನೆಯ ದಾರಿ ಕೇಳಿಕೊಂಡಳು.

ರಜಾದಿನ ಮಧ್ಯಾಹ್ನ ರೇಡಿಯೋ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದಳು. ಕತ್ತರಿ ಅವಳನ್ನು ಕಿಟಕಿಯ ಬೆಳಕು ಮುಖದ ಮೇಲೆ ಬೀಳುವಂತೆ ಕುರ್ಚಿಯಲ್ಲಿ ಕೂರಿಸಿದಳು. ಅಕ್ಕನನ್ನು ಎಬ್ಬಿಸಿ ತಂದು ಎದುರು ಕೂರಿಸಿದಳು. ತಾನು ಒಂದು ಮಣೆ ಎಳೆದುಕೊಂಡು ಪಕ್ಕದಲ್ಲಿ ಕೂತಳು.

ರೇಡಿಯೋಗೆ ಹೇಳಿಕೊಡಬೇಕಾಗಿರಲಿಲ್ಲ. ತನ್ನ ಮೊಣಕಾಲು, ತನ್ನ ಸೊಸೆ, ಸೊಸೆಯ ತವರು, ಮೇಸ್ತ್ರಿ ಹೊಸದಾಗಿ ಕಟ್ಟಿಸಿದ ಹಲ್ಲು ಎಂದು ಒಂದರ ಹಿಂದೊಂದು ಬಿಚ್ಚಿಟ್ಟಳು. ಅವಳ ಬಾಯಿ ಒಂದೊಂದು ಮಾತಿಗೂ ಅಗಲವಾಗಿ ತೆರೆದು, ಗುಂಡಗಾಗಿ, ಮುಚ್ಚಿ, ಹಾಸಿದ ಬಟ್ಟೆಯ ಹಾಗೆ ಸುಕ್ಕಿಲ್ಲದೆ ಕಾಣುತ್ತಿತ್ತು. ಅಕ್ಕ ಮೊದಲು ಮುಖ ಗಂಟಿಕ್ಕಿ ನೋಡಿದಳು. ಆಮೇಲೆ ಮುಂದಕ್ಕೆ ಬಾಗಿದಳು. ಹಲ್ಲಿನ ವಿಷಯಕ್ಕೆ ಬಂದಾಗ ಅವಳ ತುಟಿಯೂ ತಾನಾಗಿ ಆ ಮಾತನ್ನು ಹಿಂಬಾಲಿಸತೊಡಗಿತು.

"ಇವಳ ಬಾಯಿ ಎಷ್ಟು ಚೆನ್ನಾಗಿದೆಯೇ!" ಎಂದಳು ದೊಡ್ಡ ದನಿಯಲ್ಲಿ. ಬೀದಿಗೂ ಕೇಳಿಸಿರಬೇಕು.

ಕತ್ತರಿ ಏನೂ ಅನ್ನಲಿಲ್ಲ. ಅವಳ ತುಟಿಗಳು ಮಾತ್ರ ಅನ್ನುತ್ತಲೇ ಇದ್ದವು. ಅಕ್ಕನ ಕಣ್ಣು ರೇಡಿಯೋಳ ಬಾಯಿಂದ ಜಾರಿ ತಂಗಿಯ ಬಾಯಿಗೆ ಹೋಗಿ, ಅಲ್ಲಿ ಸಿಕ್ಕಿಕೊಂಡು, ಮತ್ತೆ ಇತ್ತ ಬರುವುದರೊಳಗೆ ಕಥೆಯ ಎಳೆ ತಪ್ಪುತ್ತಿತ್ತು. ಒಂದು ಸಲ, ಎರಡು ಸಲ. ಕೊನೆಗೆ ಅಕ್ಕ ಸಿಡುಕಿ ಕೈ ಎತ್ತಿದಳು.

"ಇಬ್ಬರೂ ಒಟ್ಟಿಗೆ ಮಾತಾಡಬೇಡಿ! ಯಾರದ್ದು ಅಂತ ನೋಡಲಿ?"

ರೇಡಿಯೋ ತೆರೆದ ಬಾಯಿ ಮುಚ್ಚಿದಳು. ಕತ್ತರಿ ಎದ್ದಳು. ಮಣೆಯನ್ನು ಎತ್ತಿ ಗೋಡೆಯ ಹತ್ತಿರ ಇಟ್ಟು, ಅವರಿಬ್ಬರಿಗೂ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ಕೂತಳು.

"ಹೂಂ, ಈಗ ಹೇಳು," ಎಂದಳು ಅಕ್ಕ, ರೇಡಿಯೋಗೆ. "ಕಾರ್ಖಾನೆಗೆ ಯಾರೋ ದೊಡ್ಡವರು ಬಂದಿದ್ರಂತಲ್ಲ ಮೊನ್ನೆ. ಕೆಳಗಿನ ಅಂಗಡಿಯವನು ಹಾಗಂತ ಕೈ ಮಾಡಿ ತೋರಿಸಿದ. ಏನಾಯ್ತು?"

ರೇಡಿಯೋ ಒಮ್ಮೆ ಗೋಡೆಯ ಕಡೆಯ ಬೆನ್ನನ್ನು ನೋಡಿದಳು. "ಬಂದಿದ್ರು. ಬಟ್ಟೆ ನೋಡಿದ್ರು, ಹೋದ್ರು. ಅಷ್ಟೇ."

"ಅಷ್ಟೇ ಅಲ್ಲ," ಎಂದಿತು ಬೆನ್ನು. "ಬೆಳಗ್ಗೆಯಿಂದ ಹೇಳು."

"ಅಯ್ಯೋ, ಅದೆಲ್ಲ ಯಾಕೆ ಬಿಡೆ ಈಗ."

"ನಾನು ಹೇಳ್ತೀನಿ, ನೀನು ಅಂತಾ ಹೋಗು. ಮಾಲು ಕೊಳ್ಳುವವರ ಕಡೆಯಿಂದ ಒಬ್ಬ ಪರೀಕ್ಷೆ ಮಾಡೋಕೆ ಬಂದ. ಮೇಜಿನ ಹತ್ತಿರ ನಿಂತು ನನ್ನ ಮುಖ ನೋಡಿದ. ಬಾಯಲ್ಲಿ ಇಟ್ಟುಕೊಂಡಿರೋದನ್ನ ಉಗುಳು, ಬಟ್ಟೆ ಕೊಳೆಯಾಗುತ್ತೆ ಅಂದ."

ರೇಡಿಯೋ ಒಂದು ಉಸಿರು ಎಳೆದುಕೊಂಡು, ಅಕ್ಕನ ಎದುರು ಬಾಯಿ ಅಗಲಿಸಿ ಅದನ್ನೆಲ್ಲ ಆಡಿದಳು. ಅಕ್ಕನ ಕಣ್ಣು ದೊಡ್ಡದಾಯಿತು. "ಆಮೇಲೆ?"

"ನಾನು ಏನೂ ಇಲ್ಲ ಅಂದೆ. ಅವನು ನಂಬಲಿಲ್ಲ. ಮತ್ತೆ ಉಗುಳು ಅಂದ. ಎಲ್ಲರೂ ಕೆಲಸ ನಿಲ್ಲಿಸಿ ನೋಡ್ತಿದ್ರು. ಆಗ ನಾನು ಬಾಯಿ ಪೂರ್ತಿ ತೆರೆದು ಅವನಿಗೆ ತೋರಿಸಿದೆ. ನಾಲಿಗೆ ಎತ್ತಿ ಅಡಿಯಲ್ಲೂ ತೋರಿಸಿದೆ. ನಾಲಿಗೆ ನಿಲ್ಲಲಿಲ್ಲ. ಅವನ ಕಡೆಗೇ ಆಡ್ತಿತ್ತು. ಅಣಕಿಸ್ತಿದ್ದೀನಿ ಅಂದುಕೊಂಡು ಅವನು ಕೆಂಪಗಾದ. ಎಲ್ಲರೂ ನಕ್ಕರು."

ರೇಡಿಯೋ ಆಡಿದಳು, ನಿಧಾನವಾಗಿ. ಮುಗಿಸಿ ಬೆನ್ನಿನ ಕಡೆ ತಿರುಗಿ ದನಿ ತಗ್ಗಿಸಿದಳು, ತಗ್ಗಿಸುವ ಅಗತ್ಯವಿರಲಿಲ್ಲ. "ನಾನು ನಕ್ಕಿದ್ದೂ ಹೇಳಬೇಕಾ?"

"ಹೇಳು."

"ಕತ್ತರಿ..."

"ಅವಳ ಕಡೆ ತಿರುಗಿ ಹೇಳು. ನೀನು ಈಚೆ ತಿರುಗಿದರೆ ಅವಳಿಗೆ ಕಾಣಲ್ಲ."

ರೇಡಿಯೋ ತಿರುಗಿದಳು. ಅಕ್ಕ ಅವಳ ಬಾಯನ್ನೇ ನೋಡುತ್ತಿದ್ದಳು. ಗೋಡೆಯ ಕಡೆಗೆ ಒಮ್ಮೆಯೂ ನೋಡಲಿಲ್ಲ. ಕತ್ತರಿ ಮುಂದಿನ ಮಾತು ಶುರುಮಾಡಿದಳು. ಮೇಸ್ತ್ರಿ ಏನೆಂದ, ಇನ್ನು ಮುಂದೆ ಹೊರಗಿನವರು ಬಂದಾಗ ತನಗೆ ಬಟ್ಟೆಯ ಮೂಟೆಗಳ ಹಿಂದೆ ನಿಲ್ಲು ಎಂದದ್ದು ಹೇಗೆ, ಮೂಟೆಯ ಹಿಂದೆ ಎಂಥ ಸೆಕೆ, ಅಲ್ಲಿಂದ ಏನೇನು ಕಾಣುತ್ತದೆ, ಏನು ಕಾಣುವುದಿಲ್ಲ. ಸುಣ್ಣ ಬಿರಿದ ಗೋಡೆಯಿಂದ ಒಂದು ಗೇಣು ದೂರದಲ್ಲಿ ಮುಖವಿಟ್ಟುಕೊಂಡು, ಒಂದನ್ನೂ ಬಿಡದೆ, ರೇಡಿಯೋಗೆ ಹಿಡಿದುಕೊಳ್ಳಲು ಬಿಡುವು ಕೊಟ್ಟು, ಹೇಳುತ್ತಾ ಹೋದಳು.